75 ಕೋಟಿ ವರ್ಷ ಹಿಂದಕ್ಕೆ ಹೋಗುವ ಗ್ಲೋಬ್: ನಮ್ಮ ಕ್ಲಾಸಿಗೆ ಎಷ್ಟು ಉಪಯೋಗ?

ಹೈಸ್ಕೂಲಿನಲ್ಲಿ ಭೂಮಿಯ ಚರಿತ್ರೆ, ಪಳೆಯುಳಿಕೆ, ಖಂಡಗಳ ಚಲನೆ ಇದನ್ನೆಲ್ಲ ಪಾಠ ಮಾಡುವವರು 'ಏನ್ಷಿಯೆಂಟ್ ಅರ್ಥ್' ಅನ್ನೋ ಗ್ಲೋಬನ್ನು ಒಮ್ಮೆ ತೆರೆದು ನೋಡಲೇಬೇಕು. ಡೈನೋಸಾರ್ ಪಿಕ್ಚರ್ಸ್ ಡಾಟ್ ಆರ್ಗ್ ಅನ್ನೋ ಜಾಲತಾಣದಲ್ಲಿದೆ. ದುಡ್ಡು ಕೊಡಬೇಕಿಲ್ಲ, ಆಪ್ ಹಾಕಿಕೊಳ್ಳಬೇಕಿಲ್ಲ. ಬ್ರೌಸರ್ ಇದ್ದರೆ ಸಾಕು. ನಾನು ಕಲಬುರಗಿ ಕಡೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪ್ರೊಜೆಕ್ಟರ್‌ನಲ್ಲಿ ಇದನ್ನು ಹಾಕಿದಾಗ ಮಕ್ಕಳು ಪಾಠದ ಒಳಗೆ ಬಂದಷ್ಟು ಬೇರೆ ಯಾವ ಚಾರ್ಟ್ ಇಟ್ಟಾಗಲೂ ಬಂದದ್ದು ನಾನು ನೋಡಿಲ್ಲ. ಆದರೆ ಇದೊಂದನ್ನೇ ನಂಬಿ ಕೂತರೆ ಪಾಠ ಅರ್ಧಕ್ಕಿಂತ ತುಂಬ ಕಡಿಮೆಯೇ ಆಗುತ್ತದೆ. ಅದು ಯಾಕೆ ಅಂತ ಮುಂದೆ ಬರೆಯುತ್ತೇನೆ.

ಮೊದಲು ಇದು ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ಇಯಾನ್ ವೆಬ್‌ಸ್ಟರ್ ಅನ್ನೋ ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರ್ ಮಾಡಿದ್ದು. ಒಳಗಿರುವ ನಕ್ಷೆಗಳು ಭೂವಿಜ್ಞಾನಿ ಕ್ರಿಸ್ಟೋಫರ್ ಸ್ಕಾಟೀಸ್ ಅವರ ಪೇಲಿಯೋಮ್ಯಾಪ್ ಅನ್ನೋ ಪ್ರಾಚೀನ ಭೂಪಟಗಳ ಕೆಲಸದಿಂದ ಬಂದವು. ಸ್ಕ್ರೀನಿನ ಮೇಲೆ ಭೂಮಿ ತಿರುಗುತ್ತಿರುತ್ತದೆ. ಮೇಲೆ ಒಂದು ಪಟ್ಟಿ ಇದೆ, ಅದರಲ್ಲಿ ಎಷ್ಟು ವರ್ಷ ಹಿಂದಕ್ಕೆ ಹೋಗಬೇಕು ಅಂತ ಆರಿಸಿದರೆ ಖಂಡಗಳೆಲ್ಲ ಆಗ ಎಲ್ಲಿದ್ದವೋ ಅಲ್ಲಿಗೆ ಹೋಗಿ ನಿಲ್ಲುತ್ತವೆ. ಹೀಗೆ 75 ಕೋಟಿ ವರ್ಷದವರೆಗೆ ಹಿಂದಕ್ಕೆ ಹೋಗಬಹುದು. ಕೀಬೋರ್ಡಿನ ಎಡ ಬಲ ಬಾಣದ ಕೀಲಿ ಒತ್ತಿದರೂ ಕಾಲ ಹಿಂದೆ ಮುಂದೆ ಸರಿಯುತ್ತದೆ. ಮೊದಲ ಡೈನೋಸಾರ್ ಯಾವಾಗ, ಮೊದಲ ಹೂವು ಯಾವಾಗ ಅನ್ನುವ ಇನ್ನೊಂದು ಪಟ್ಟಿಯೂ ಇದೆ.

ಇದೆಲ್ಲಕ್ಕಿಂತ ದೊಡ್ಡ ವಿಷಯ ಅಂದರೆ ನಮ್ಮೂರಿನ ಹೆಸರು ಹಾಕಬಹುದು. ಹಾಕಿದ ಊರಿನ ಗುರುತು ಆ ನೆಲದ ಜೊತೆಗೇ ಚಲಿಸುತ್ತದೆ. ಹೆಸರನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ಊರು ತುಂಬಾ ಸಣ್ಣದಾದರೆ ಹತ್ತಿರದ ದೊಡ್ಡ ಊರು ಹಾಕಿ. "ಸರ್, ನಮ್ಮೂರು ಆವಾಗ ಎಲ್ಲಿತ್ತು?" ಅಂತ ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಕಣ್ಣೆದುರೇ ಬರುತ್ತದೆ.

ನಾನು ಯಾವಾಗಲೂ ಇವತ್ತಿನ ಭೂಮಿಯಿಂದ ಶುರು ಮಾಡಿ ಹಿಂದಕ್ಕೆ ಹೋಗುತ್ತೇನೆ. ಹಳೆಯದರಿಂದ ಶುರು ಮಾಡಿದರೆ ಮಕ್ಕಳಿಗೆ ಭಾರತ ಯಾವುದು ಅಂತಲೇ ಗುರುತು ಸಿಗುವುದಿಲ್ಲ. 5 ಕೋಟಿ ವರ್ಷ ಹಿಂದಕ್ಕೆ ಹೋದರೆ ಭಾರತ ಆಗ ತಾನೇ ಏಷ್ಯಾಕ್ಕೆ ತಾಗುತ್ತಿರುತ್ತದೆ. ಹಿಮಾಲಯ ಇನ್ನೂ ಎದ್ದಿಲ್ಲ. ಇಲ್ಲಿ ಸ್ವಲ್ಪ ನಿಲ್ಲಿ. ಇದೇ ಸುಮಾರಿನಲ್ಲಿ ಇಂಡೋಹಯಸ್ ಅನ್ನುವ, ಸಣ್ಣ ಜಿಂಕೆಯಂಥ ಪ್ರಾಣಿ ನಮ್ಮ ನೆಲದಲ್ಲೇ ಓಡಾಡುತ್ತಿತ್ತು. ಅದರ ಮೂಳೆಗಳು ಸಿಕ್ಕಿದ್ದು ಜಮ್ಮು ಮತ್ತು ಕಾಶ್ಮೀರದ ಕಾಲಾಕೋಟ್ ಹತ್ತಿರ. ತಿಮಿಂಗಿಲದ ವಂಶಕ್ಕೆ ತುಂಬಾ ಹತ್ತಿರದ ಸಂಬಂಧಿ ಅದು. ತಿಮಿಂಗಿಲದ ಪೂರ್ವಜರು ಕಾಲಿದ್ದ, ನೆಲದ ಮೇಲೆ ನಡೆದ ಪ್ರಾಣಿಗಳು ಅಂತ ಹೇಳಿದರೆ ಮಕ್ಕಳು ನಂಬುವುದೇ ಇಲ್ಲ. ಗ್ಲೋಬಿನಲ್ಲಿ ಭಾರತಕ್ಕೂ ಏಷ್ಯಾಕ್ಕೂ ನಡುವೆ ಮುಚ್ಚಿಕೊಳ್ಳುತ್ತಿರುವ ಆಳವಿಲ್ಲದ ಸಮುದ್ರ ತೋರಿಸಿ. ಆಮೇಲೆ ಆ ಪ್ರಾಣಿಯ ವಿಷಯ ಹೇಳಿ. ಆಗ ಕೇಳುವ ರೀತಿಯೇ ಬೇರೆ.

ಮುಂದಿನ ನಿಲ್ದಾಣ 6.6 ಕೋಟಿ. ಭಾರತ ಸಮುದ್ರದ ನಡುವೆ ಒಂಟಿ ದ್ವೀಪ. ಮೆಕ್ಸಿಕೋದ ಯುಕಟಾನ್ ಕಡೆ ಕ್ಷುದ್ರಗ್ರಹ ಬಂದು ಬಿದ್ದಿದ್ದು, ಡೈನೋಸಾರುಗಳು ಮುಗಿದಿದ್ದು ಎಲ್ಲರಿಗೂ ಗೊತ್ತು, ಯೂಟ್ಯೂಬಿನಲ್ಲಿ ನೋಡಿಯೇ ಬಂದಿರುತ್ತಾರೆ. ಅದೇ ಕಾಲದಲ್ಲಿ ನಮ್ಮ ಕಾಲ ಕೆಳಗೆ ಏನಾಗುತ್ತಿತ್ತು ಅನ್ನೋದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ನೆಲ ಬಿರಿದು ಲಾವಾ ಹರಿಯಿತು, ಪದರದ ಮೇಲೆ ಪದರ ಕೂತಿತು, ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಜಾಗದಲ್ಲಿ ಆ ಕಲ್ಲು ಇದೆ. ಅದೇ ಡೆಕ್ಕನ್ ಟ್ರಾಪ್. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಎಲ್ಲ ಅದರ ಅಂಚಿನಲ್ಲಿವೆ. ಆ ಕಪ್ಪು ಕಲ್ಲು ಸವೆದು ಆದದ್ದೇ ನಮ್ಮ ಎರೆ ಮಣ್ಣು. ವಿಜಯಪುರದ ಗೋಳಗುಮ್ಮಟ ಕಟ್ಟಿದ್ದೂ ಅದೇ ಕಲ್ಲಿನಲ್ಲಿ. ಮನೆಯಲ್ಲಿ ತೊಗರಿ ಬೆಳೆಯುವ ಹುಡುಗನಿಗೆ ನಿಮ್ಮ ಹೊಲದ ಮಣ್ಣು ಡೈನೋಸಾರ್ ಕಾಲದ ಲಾವಾದಿಂದ ಬಂದದ್ದು ಅಂತ ಹೇಳಿ ನೋಡಿ. ಮಾರನೇ ದಿನ ಹೊಲದಿಂದ ಒಂದು ಕಲ್ಲು ತಂದೇ ತರುತ್ತಾನೆ.

9 ಕೋಟಿಗೆ ಹೋದರೆ ಮಡಗಾಸ್ಕರ್ ಭಾರತದ ಮಗ್ಗುಲಲ್ಲೇ ಇರುತ್ತದೆ. ಎರಡೂ ಬೇರೆಯಾಗುವಾಗ ಉಕ್ಕಿದ ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತಿರುವುದೇ ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪ. ಸುಮಾರು 8.8 ಕೋಟಿ ವರ್ಷ ಹಳೆಯದು. ಉಡುಪಿ ಕಡೆಯ ಮೇಷ್ಟ್ರುಗಳಿಗೆ ಇದಕ್ಕಿಂತ ಒಳ್ಳೆ ಪಾಠದ ಜಾಗ ಬೇಕಾ? ಪ್ರವಾಸಕ್ಕೆ ಹೋಗಿ ಫೋಟೋ ತೆಗೆಸಿಕೊಂಡು ಬರುವ ಮೊದಲು ಗ್ಲೋಬಿನಲ್ಲಿ ಆ ಒಂದು ಹೆಜ್ಜೆ ತೋರಿಸಿ ಕರೆದುಕೊಂಡು ಹೋಗಿ.

ಇನ್ನೂ ಹಿಂದೆ, 15 ಕೋಟಿ. ಇಲ್ಲಿ ಭಾರತದ ಉತ್ತರಕ್ಕೆ ದೊಡ್ಡ ಸಮುದ್ರ ಇದೆ, ಟೆಥಿಸ್. ಈ ಜಾಗದಲ್ಲಿ ನಾನು ಸಾಲಿಗ್ರಾಮದ ಮಾತು ತೆಗೆಯುತ್ತೇನೆ. ದೇವರ ಮನೆಯಲ್ಲಿ ಸಾಲಿಗ್ರಾಮ ಇಟ್ಟು ಪೂಜೆ ಮಾಡುವ ಮನೆಗಳು ನಮ್ಮಲ್ಲಿ ಬಹಳ ಇವೆ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಈ ಕಲ್ಲುಗಳಲ್ಲಿ ಕಾಣುವ ಚಕ್ರ ಅಮ್ಮೊನೈಟ್ ಅನ್ನುವ ಸಮುದ್ರಜೀವಿಯ ಚಿಪ್ಪಿನ ಗುರುತು. ಆ ಜೀವಿ ಟೆಥಿಸ್ ಸಮುದ್ರದಲ್ಲಿ ಬದುಕಿತ್ತು. ಭಾರತ ಹೋಗಿ ಏಷ್ಯಾವನ್ನು ಒತ್ತಿದಾಗ ಆ ಸಮುದ್ರದ ತಳವೇ ಮಡಿಕೆ ಬಿದ್ದು ಹಿಮಾಲಯವಾಗಿ ಎದ್ದಿತು, ನದಿ ಅದನ್ನು ಕೊರೆದು ಕೆಳಗೆ ತಂದಿತು. ಪೂಜೆಗೆ ಇದರಿಂದ ಒಂದಿಷ್ಟೂ ಕುಂದಿಲ್ಲ, ಮಕ್ಕಳಿಗೆ ಅದನ್ನು ಗೌರವದಿಂದಲೇ ಹೇಳಬೇಕು. ಪುಸ್ತಕದಲ್ಲಿರುವ ಪಳೆಯುಳಿಕೆಯ ಚಿತ್ರ ನೋಡುವುದಕ್ಕೂ ಅಜ್ಜಿ ದಿನಾ ಅಭಿಷೇಕ ಮಾಡುವ ಕಲ್ಲಿನಲ್ಲೇ ಪಳೆಯುಳಿಕೆ ಇದೆ ಅಂತ ತಿಳಿಯುವುದಕ್ಕೂ ತುಂಬಾ ವ್ಯತ್ಯಾಸ ಇದೆ ಅಲ್ವಾ?

28 ಕೋಟಿಯ ಹತ್ತಿರ ಭಾರತ, ಅಂಟಾರ್ಟಿಕಾ, ಆಸ್ಟ್ರೇಲಿಯಾ, ಆಫ್ರಿಕಾ, ದಕ್ಷಿಣ ಅಮೆರಿಕ ಎಲ್ಲ ಒಂದಕ್ಕೊಂದು ಅಂಟಿಕೊಂಡು ದಕ್ಷಿಣ ಧ್ರುವದ ಕಡೆ ಕೂತಿವೆ. ಕಲಬುರಗಿಯ ಗುರುತು ಅಷ್ಟು ಕೆಳಗೆ ಹೋದದ್ದನ್ನು ನೋಡಿ ಮಕ್ಕಳು "ಅಲ್ಲಿ ಚಳಿ ಇತ್ತಾ ಸರ್?" ಅಂತ ಕೇಳುತ್ತಾರೆ. ಇತ್ತು. ಒಡಿಶಾದ ತಾಲ್ಚೇರ್‌ನಲ್ಲಿ ಹಿಮನದಿಗಳು ತಂದು ಬಿಟ್ಟ ಬಂಡೆಗಳು ಇವತ್ತಿಗೂ ಇವೆ. ಮುಂದೆ ಹಿಮ ಕರಗಿದ ಮೇಲೆ ಜೌಗು ಕಾಡು ಬೆಳೆಯಿತು. ಆ ಕಾಡಿನ ಮುಖ್ಯ ಮರ ಗ್ಲೊಸೊಪ್ಟೆರಿಸ್. ಅದೇ ಕಾಡು ಹೂತುಹೋಗಿ ಕಲ್ಲಿದ್ದಲಾಯಿತು, ತೆಲಂಗಾಣದ ಸಿಂಗರೇಣಿ ಗಣಿಯಿಂದ ರೈಲಿನಲ್ಲಿ ರಾಯಚೂರಿನ ಶಕ್ತಿನಗರಕ್ಕೆ ಬರುತ್ತದೆ, ಅಲ್ಲಿ ಉರಿದು ನಮ್ಮ ಕ್ಲಾಸಿನ ಪ್ರೊಜೆಕ್ಟರಿಗೂ ಕರೆಂಟು ಕೊಡುತ್ತದೆ. ಇನ್ನೊಂದು ಕತೆಯನ್ನೂ ಇಲ್ಲೇ ಹೇಳಿ. 1912ರಲ್ಲಿ ದಕ್ಷಿಣ ಧ್ರುವಕ್ಕೆ ಹೋಗಿ ವಾಪಸ್ ಬರುವಾಗ ಕ್ಯಾಪ್ಟನ್ ಸ್ಕಾಟ್ ಮತ್ತು ಅವರ ಜೊತೆಗಾರರು ಹಸಿವು, ಚಳಿಯಿಂದ ತೀರಿಕೊಂಡರು. ಆಮೇಲೆ ಹುಡುಕಿಕೊಂಡು ಹೋದವರಿಗೆ ಅವರ ಜೊತೆ ಸುಮಾರು 16 ಕೆಜಿ ಕಲ್ಲುಗಳು ಸಿಕ್ಕವು. ಸಾಯುವ ಸ್ಥಿತಿಯಲ್ಲೂ ಅವರು ಬಿಸಾಡಿರಲಿಲ್ಲ. ಅದರಲ್ಲಿ ಗ್ಲೊಸೊಪ್ಟೆರಿಸ್ ಎಲೆಯ ಗುರುತುಗಳಿದ್ದವು. ಸಿಂಗರೇಣಿಯಲ್ಲಿರುವ ಅದೇ ಗಿಡ ಅಂಟಾರ್ಟಿಕಾದಲ್ಲಿ! ಖಂಡಗಳು ಸರಿಯುತ್ತವೆ ಅಂತ ಜರ್ಮನಿಯ ಆಲ್‌ಫ್ರೆಡ್ ವೆಗನರ್ ಮೊದಲ ಬಾರಿಗೆ ವಿದ್ವಾಂಸರ ಮುಂದೆ ಹೇಳಿದ್ದೂ ಅದೇ 1912ರಲ್ಲಿ. ಇಷ್ಟನ್ನು ಹೇಳಿ ಗ್ಲೋಬಿನಲ್ಲಿ ಎರಡೂ ನೆಲ ಅಂಟಿಕೊಂಡಿರುವುದನ್ನು ತೋರಿಸಿದರೆ ಬೇರೆ ವಿವರಣೆಯೇ ಬೇಡ.

ಚಲನೆ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಈಗ ಕೊರತೆಗಳು. ಪಠ್ಯ ಪೂರ್ತಿ ಇಂಗ್ಲಿಷ್. ಪ್ರತಿ ಕಾಲದ ಕೆಳಗೆ ಎರಡು ಮೂರು ಸಾಲಿನ ವಿವರಣೆ ಇರುತ್ತದೆ, ಕನ್ನಡ ಮಾಧ್ಯಮದ ಮಕ್ಕಳಿಗೆ ನೀವೇ ಓದಿ ಹೇಳಬೇಕು. ಇದು ಸಣ್ಣ ವಿಷಯ. ಊರಿನ ಹೆಸರು ಹಾಕಿದರೆ ಹತ್ತಿರದಲ್ಲಿ ಪಳೆಯುಳಿಕೆ ಸಿಕ್ಕಿರುವ ಡೈನೋಸಾರುಗಳ ಹೆಸರು ತೋರಿಸುತ್ತದೆ. ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. ಅದರ ಲೆಕ್ಕದ 'ಹತ್ತಿರ' ನೂರಾರು ಕಿಲೋಮೀಟರ್ ಇರಬಹುದು. ನಮ್ಮೂರಿನಲ್ಲೇ ಡೈನೋಸಾರ್ ಸಿಕ್ಕಿದೆ ಅಂತ ಮಕ್ಕಳು ಮನೆಗೆ ಹೋಗಿ ಹೇಳುತ್ತಾರೆ. ಕರ್ನಾಟಕದ ಬಹುಪಾಲು ನೆಲ ಡೈನೋಸಾರ್ ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನ ಕಲ್ಲು, ಅದರಲ್ಲಿ ಅವುಗಳ ಮೂಳೆ ಸಿಗುವ ಮಾತೇ ಇಲ್ಲ. ರಾಜಾಸಾರಸ್ ಅನ್ನುವ ಡೈನೋಸಾರ್ ಸಿಕ್ಕಿದ್ದು ಗುಜರಾತಿನ ರಾಯೋಲಿಯಲ್ಲಿ, ಇಸಿಸಾರಸ್ ಮಹಾರಾಷ್ಟ್ರದ ಡೋಂಗರ್‌ಗಾಂವ್‌ನಲ್ಲಿ. ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಕಾಲದ ಹೆಜ್ಜೆಗಳು ಸಮ ಇಲ್ಲ. ಇತ್ತೀಚಿನ ಕಾಲದಲ್ಲಿ ಒಂದೂವರೆ, ಎರಡು ಕೋಟಿ ವರ್ಷಕ್ಕೊಂದು ಹೆಜ್ಜೆ. ಹಿಂದೆ ಹೋದಂತೆ ಹೆಜ್ಜೆ ದೊಡ್ಡದಾಗುತ್ತದೆ, 60 ಕೋಟಿಯಿಂದ 75 ಕೋಟಿಗೆ ಒಂದೇ ಜಿಗಿತ. ಹಳೆಯ ಕಾಲದ ಪುರಾವೆ ಕಡಿಮೆ, ಆದ್ದರಿಂದ ಹೀಗೆ ಮಾಡಿದ್ದು ಸರಿಯೇ. ಆದರೆ ಬಾಣದ ಕೀಲಿ ಒತ್ತುತ್ತಾ ಕೂತ ಹುಡುಗಿಗೆ ಪ್ರತಿ ಒತ್ತೂ ಅಷ್ಟೇ ಕಾಲ ಅನ್ನಿಸುತ್ತದೆ. ಹಾಗೇ, ಹಿಂದಕ್ಕೆ ಹೋದಷ್ಟೂ ನಕ್ಷೆಯಲ್ಲಿ ಊಹೆಯ ಪಾಲು ಜಾಸ್ತಿ. ಎಲ್ಲ ಕಾಲದ ಚಿತ್ರವೂ ಒಂದೇ ಥರ ಸ್ಪಷ್ಟವಾಗಿ, ಬಣ್ಣಬಣ್ಣವಾಗಿ ಕಾಣುವುದರಿಂದ ಎಲ್ಲವೂ ಅಷ್ಟೇ ಖಚಿತ ಅಂತ ಮಕ್ಕಳು ತಿಳಿಯುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಭೂಮಿಯ ವಯಸ್ಸು 454 ಕೋಟಿ ವರ್ಷ. ಗ್ಲೋಬು ಶುರುವಾಗುವುದೇ 75 ಕೋಟಿಯಿಂದ. ಅಂದರೆ ಇದು ತೋರಿಸುವುದು ಕೊನೆಯ ಆರನೇ ಒಂದು ಭಾಗ ಮಾತ್ರ. ಉಳಿದ ಐದು ಭಾಗ ಎಲ್ಲಿ? ನಮ್ಮ ರಾಜ್ಯದಲ್ಲಿ ಇದ್ದು ಪಾಠ ಮಾಡುವವರಿಗೆ ಈ ಪ್ರಶ್ನೆ ಸುಮ್ನೆ ಬಿಡುವಂಥದ್ದಲ್ಲ. ಯಾಕೆಂದರೆ ನಮ್ಮ ಕಾಲ ಕೆಳಗಿನ ಕಲ್ಲುಗಳ ಕತೆ ಬಹುಪಾಲು ಆ ಐದು ಭಾಗದಲ್ಲೇ ನಡೆದು ಮುಗಿದಿದೆ. ಗ್ಲೋಬು ತೆರೆದು ಅತಿ ಹಳೆಯ ಚಿತ್ರಕ್ಕೆ ಹೋಗಿ ನಿಂತರೂ ಬೆಂಗಳೂರಿನ ಲಾಲ್‌ಬಾಗ್ ಬಂಡೆ ಆಗಲೇ 200 ಕೋಟಿಗಿಂತ ಹೆಚ್ಚು ವರ್ಷ ಹಳೆಯದಾಗಿತ್ತು.

ಅದಕ್ಕೆ ನಾನು ಗ್ಲೋಬಿನ ಜೊತೆ ಒಂದು ಹಗ್ಗ ಇಟ್ಟುಕೊಂಡಿದ್ದೇನೆ. ಶಾಲೆಯ ಮೈದಾನದಲ್ಲಿ 45 ಮೀಟರಿಗಿಂತ ಸ್ವಲ್ಪ ಉದ್ದದ ಹಗ್ಗ ಹಾಸಿ. ಒಂದು ಮೀಟರಿಗೆ 10 ಕೋಟಿ ವರ್ಷ. ಒಂದು ಸೆಂಟಿಮೀಟರಿಗೆ 10 ಲಕ್ಷ. ಒಂದು ತುದಿ ಭೂಮಿಯ ಹುಟ್ಟು, ಇನ್ನೊಂದು ತುದಿ ಇವತ್ತು. ಇವತ್ತಿನ ತುದಿಯಿಂದ ಅಳೆಯಲು ಮಕ್ಕಳಿಗೇ ಟೇಪು ಕೊಡಿ. ಡೈನೋಸಾರುಗಳು ಮುಗಿದದ್ದು 66 ಸೆಂಟಿಮೀಟರಿಗೆ. ಸೇಂಟ್ ಮೇರೀಸ್ ದ್ವೀಪ 88 ಸೆಂಟಿಮೀಟರಿಗೆ. ಸಿಂಗರೇಣಿ ಕಾಡು ಮೂರು ಮೀಟರಿನ ಒಳಗೆ. ಚಿಪ್ಪು, ಕಣ್ಣು, ಕಾಲು ಇರುವ ಪ್ರಾಣಿಗಳು ಕಲ್ಲಿನಲ್ಲಿ ಹೇರಳವಾಗಿ ಕಾಣಿಸಿಕೊಳ್ಳುವ ಕೇಂಬ್ರಿಯನ್ ಕಾಲ 5.4 ಮೀಟರಿಗೆ. ಗ್ಲೋಬು ಏಳೂವರೆ ಮೀಟರಿಗೆ ಮುಗಿಯಿತು. ನಮ್ಮ ಪ್ರಭೇದದ (ಹೋಮೋ ಸೇಪಿಯನ್ಸ್) ಮನುಷ್ಯರು ಸುಮಾರು 3 ಲಕ್ಷ ವರ್ಷ, ಅಂದರೆ ತುದಿಯಲ್ಲಿ ಮೂರು ಮಿಲಿಮೀಟರ್.

ಇನ್ನು ಉಳಿದ 38 ಮೀಟರ್ ಹಗ್ಗಕ್ಕೆ ಕರ್ನಾಟಕವೇ ಸಾಕು. 24 ಮೀಟರಿನ ಸುಮಾರಿಗೆ ಗಾಳಿಯಲ್ಲಿ ಆಮ್ಲಜನಕ ಏರತೊಡಗಿತು. 25 ಮೀಟರಿಗೆ ಹಂಪಿ, ರಾಮನಗರದ ಗ್ರಾನೈಟ್ ಬಂಡೆಗಳು. 26ರ ಆಸುಪಾಸಿನಲ್ಲಿ ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣದ ಕಲ್ಲು, ಅದರಲ್ಲಿ ಸ್ಟ್ರೊಮೆಟೊಲೈಟ್‌ಗಳಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕೂತು ಕಟ್ಟಿದ ಕಲ್ಲಿನ ದಿಬ್ಬಗಳವು. ಬಾಗಲಕೋಟೆ ಕಡೆಯ ಕಲಾದಗಿ ಕಲ್ಲುಗಳಲ್ಲೂ ಅಂಥವು ಇವೆ, ಆದರೆ ಅವು ಇಷ್ಟು ಹಳೆಯವಲ್ಲ. 27ಕ್ಕೆ ಸಂಡೂರಿನ ಕಬ್ಬಿಣ, ಕೋಲಾರದ ಚಿನ್ನ ಇರುವ ಕಲ್ಲುಗಳು. ಸಂಡೂರಿನ ಕತೆ ಕೇಳಿದರೆ ಮಕ್ಕಳಿಗೆ ರೋಮಾಂಚನ ಆಗುತ್ತದೆ. ಆ ಕಾಲದ ಸಮುದ್ರದಲ್ಲಿ ಕಬ್ಬಿಣ ಕರಗಿತ್ತು. ಸೂಕ್ಷ್ಮಜೀವಿಗಳು ಬಿಸಿಲು ಹಿಡಿದು ಆಹಾರ ಮಾಡಿಕೊಳ್ಳುತ್ತಾ ಆಮ್ಲಜನಕ ಬಿಟ್ಟವು, ಕಬ್ಬಿಣ ಅದರ ಜೊತೆ ಸೇರಿ ತುಕ್ಕಾಗಿ ತಳಕ್ಕೆ ಕೂತಿತು. ನಮ್ಮ ಬಳ್ಳಾರಿ ಕಡೆಯ ಅದಿರಿನ ಹಿಂದೆ ಜೀವದ ಕೈವಾಡ ಇದೆ ಅಂತ ವಿಜ್ಞಾನಿಗಳು ವಿವರಿಸುವುದು ಹೀಗೆ. ಪುರಾತನ ಜೀವ ಅಂದರೆ ಡೈನೋಸಾರ್ ಒಂದೇ ಅಂತ ತಿಳಿದ ಮಗು ಈ ಹಗ್ಗದ ಪಕ್ಕ ನಡೆದರೆ ಸಾಕು. ಜೀವದ ಚರಿತ್ರೆಯಲ್ಲಿ ಬಹುಪಾಲು ಕಾಲ ಇದ್ದದ್ದು ಬರಿಗಣ್ಣಿಗೆ ಕಾಣದ ಇಂಥ ಜೀವಿಗಳೇ ಅಂತ ತಾನಾಗಿಯೇ ಅರ್ಥವಾಗುತ್ತದೆ. 30 ಮೀಟರಿಗೆ ಲಾಲ್‌ಬಾಗ್ ಬಂಡೆ. ಇನ್ನೂ ಹಿಂದೆ, 35ರ ಹತ್ತಿರ ಆಸ್ಟ್ರೇಲಿಯಾದ ಪಿಲ್ಬರಾದ ಸ್ಟ್ರೊಮೆಟೊಲೈಟ್‌ಗಳು.

ಬೆಂಗಳೂರಿನ ಶಾಲೆಗಳಿಗೆ ನೇರವಾಗಿ ಹೇಳುತ್ತೇನೆ, ಲಾಲ್‌ಬಾಗಿಗೆ ಫಲಪುಷ್ಪ ಪ್ರದರ್ಶನಕ್ಕೆ ಮಾತ್ರ ಹೋಗಬೇಡಿ. ಕೆಂಪೇಗೌಡರ ಗೋಪುರ ಇರುವ ಆ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಬಂಡೆಯ ಮೇಲೆ ಕಪ್ಪು ಬಿಳಿ ಪಟ್ಟಿಗಳು ಬಳುಕಿರುವುದನ್ನು ಮಕ್ಕಳು ಕೈಯಿಂದ ಮುಟ್ಟಿ ನೋಡಲಿ. ಸುತ್ತಿಗೆ ಮಾತ್ರ ತರಬೇಡಿ, ಒಂದು ಚೂರೂ ಒಡೆಯಬಾರದು.

ನಮ್ಮ ಕಡೆಯವರಿಗೆ ಅಷ್ಟು ದೂರ ಹೋಗುವುದೂ ಬೇಡ. ಕ್ಲಾಸಿನ ನೆಲಕ್ಕೆ ಹಾಸಿರುವುದು ಶಹಾಬಾದ್ ಕಲ್ಲೇ. ಅದು ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು, ಅದೇ ಕಲ್ಲು ವಾಡಿ, ಸೇಡಂನಲ್ಲಿ ಸಿಮೆಂಟ್ ಆಗುತ್ತದೆ. ಮಕ್ಕಳನ್ನು ನೆಲದಲ್ಲಿ ಚಿಪ್ಪು ಹುಡುಕಲು ಬಿಡಿ. ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಅನ್ನೋದೇ ಪಾಠ, ಯಾಕೆಂದರೆ ಆ ಕೆಸರು ಕೂತಾಗ ಚಿಪ್ಪಿನ ಪ್ರಾಣಿಗಳು ಇನ್ನೂ ಹುಟ್ಟಿರಲಿಲ್ಲ. ಸುಣ್ಣದ ಕಲ್ಲಿನಲ್ಲಿ ಒಮ್ಮೊಮ್ಮೆ ಎಲೆಯಂತೆ, ಗರಿಯಂತೆ ಕಪ್ಪು ಗುರುತು ಕಂಡರೆ ಅದು ಗಿಡವಲ್ಲ, ಬಿರುಕಿನಲ್ಲಿ ಹರಡಿದ ಮ್ಯಾಂಗನೀಸ್ ಖನಿಜ. ನಮ್ಮ ಜಿಲ್ಲೆಯಲ್ಲಿ ಕೆಲವು ಕಡೆ ಈ ಸುಣ್ಣದ ಕಲ್ಲಿನ ಮೇಲೆ ನೇರವಾಗಿ ಡೆಕ್ಕನ್ ಲಾವಾ ಕೂತಿದೆ. ಕೆಳಗಿನ ಕಲ್ಲಿಗೂ ಮೇಲಿನ ಕಲ್ಲಿಗೂ ನಡುವೆ ಕೋಟ್ಯಂತರ ವರ್ಷ ಕಳೆದುಹೋಗಿವೆ, ಆ ಕಾಲದ ಗುರುತೇ ಅಲ್ಲಿಲ್ಲ. ಮೀನು ಬಂತು, ಕಾಡು ಬಂತು, ಡೈನೋಸಾರ್ ಬಂತು, ಎಲ್ಲ ಎರಡೂ ಕಲ್ಲು ಸೇರುವ ಆ ಒಂದು ಗೆರೆಯೊಳಗೇ ಆಗಿಹೋಗಿದೆ. ಗ್ಲೋಬಿನಲ್ಲಿ ಅಷ್ಟು ಸಲ ಬಾಣ ಒತ್ತಿದ ಮಕ್ಕಳಿಗೆ ಆ ಗೆರೆಯ ಬೆಲೆ ಗೊತ್ತಾಗುತ್ತದೆ.

ನಿಜವಾದ ಡೈನೋಸಾರ್ ಮೂಳೆ ತೋರಿಸಲೇಬೇಕು ಅಂದರೆ ನಮಗೆ ಹತ್ತಿರ ಹೈದರಾಬಾದಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯ. ಅಲ್ಲಿ ಕೋಟಾಸಾರಸ್‌ನ ಅಸ್ಥಿಪಂಜರ ನಿಲ್ಲಿಸಿದ್ದಾರೆ, ಪಕ್ಕದ ತೆಲಂಗಾಣದ ನೆಲದಲ್ಲೇ ಅಗೆದು ತೆಗೆದದ್ದು. ಹೋಗುವ ಹಿಂದಿನ ದಿನ ಗ್ಲೋಬನ್ನು 17, 20 ಕೋಟಿಗೆ ಇಟ್ಟು ತೋರಿಸಿ.

ಬಳಸುವವರಿಗೆ ಒಂದೆರಡು ಮಾತು. ನೆಟ್ ನಿಧಾನ ಇರುವ ಕಡೆ ಕ್ಲಾಸಿಗೆ ಮೊದಲೇ ಬೇಕಾದ ಕಾಲಗಳನ್ನೆಲ್ಲ ಒಮ್ಮೆ ತೆರೆದಿಡಿ, ಆಮೇಲೆ ಚಿತ್ರಗಳು ಬೇಗ ಬರುತ್ತವೆ. ನೆಟ್ಟೇ ಇಲ್ಲದ ಶಾಲೆಯಾದರೆ ಆರೇಳು ಕಾಲದ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ, ಹಗ್ಗದ ಮೇಲೆ ಆಯಾ ಜಾಗದಲ್ಲಿ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ. ಗ್ಲೋಬು ತಿರುಗುವುದನ್ನು ನಿಲ್ಲಿಸುವ, ಮೋಡ ತೆಗೆಯುವ ಆಯ್ಕೆಗಳೂ ಇವೆ. ಮೋಡ ತೆಗೆದರೆ ಹಿಂದಿನ ಬೆಂಚಿನವರಿಗೂ ಭಾರತ ಸರಿಯಾಗಿ ಕಾಣುತ್ತದೆ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಕನ್ನಡದ ವಿವರಣೆ ಯಾರಾದರೂ ಸೇರಿಸಿದ ದಿನ ಐದನೆಯದನ್ನೂ ಕೊಡುತ್ತೇನೆ, ಆ ಕೆಲಸಕ್ಕೆ ಯಾರಾದರೂ ಕೈ ಹಾಕಿದರೆ ಅನುವಾದಕ್ಕೆ ನಾನು ರೆಡಿ.